ಜೀಪು ಕೊಳ್ಳುವ ಮುನ್ನ ದಾರಿ ಅಳೆದೆವು

ಎಪ್ಪತ್ತನಾಲ್ಕು ತುಂಬಿದ ಮೇಲೆ ಯಾರಿಗಾದರೂ ಜೀಪು ಕೊಳ್ಳುವ ಹುಚ್ಚು ಹಿಡಿಯುತ್ತದೆಯೇ? ನನಗೆ ಹಿಡಿಯಿತು. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಬೇರೆಯವರ ದುಡ್ಡು ಎಣಿಸಿದವನು ನಾನು. ಸ್ವಂತ ದುಡ್ಡು ಖರ್ಚು ಮಾಡುವಾಗ ಕೈ ನಡುಗುವುದು ನನ್ನ ಹುಟ್ಟುಗುಣ. ಮನೆಗೆ ಮಿಕ್ಸರ್ ತರುವ ಮೊದಲು ಮೂರು ಅಂಗಡಿಗಳ ದರ ಬರೆದು ಹೋಲಿಸಿದ್ದನ್ನು ನನ್ನ ಹೆಂಡತಿ ಇವತ್ತಿಗೂ ನೆಂಟರ ಮುಂದೆ ಹೇಳಿ ನಗುತ್ತಾಳೆ. ಅಂಥವನು ಹದಿನೈದು ಲಕ್ಷದ ಗಾಡಿಯ ಮಾತೆತ್ತಿದ್ದಕ್ಕೆ ಒಂದು ಕಾರಣವಿತ್ತು.

ನಮ್ಮದು ಕೊಪ್ಪ ತಾಲ್ಲೂಕಿನ ಒಂದು ಹಳ್ಳಿ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಮಗೆ ಬಹಳ ದೂರವೇನಲ್ಲ. ಡಾಂಬರು ರಸ್ತೆಯಿಂದ ನಮ್ಮ ಅಂಗಳಕ್ಕೆ ಎಂಟುನೂರು ಮೀಟರು. ಆ ಎಂಟುನೂರು ಮೀಟರಿನಲ್ಲಿ ಮೊದಲು ಒಂದು ಹಳ್ಳ, ಆಮೇಲೆ ದರೆಗೂ ಜಂಬಿಟ್ಟಿಗೆ ಪಾಗಾರಕ್ಕೂ ನಡುವೆ ಒಂದು ಇಕ್ಕಟ್ಟಾದ ತಿರುವು, ಕೊನೆಗೆ ತೊಂಬತ್ತು ಮೀಟರಿನ ಏರು. ಬೇಸಿಗೆಯಲ್ಲಿ ನನ್ನ ಹಳೆಯ ಸಣ್ಣ ಕಾರು ಹೊಟ್ಟೆ ಉಜ್ಜಿಕೊಂಡಾದರೂ ಬರುತ್ತದೆ. ಜೂನ್ ಬಂತೆಂದರೆ ಅದು ಡಾಂಬರು ರಸ್ತೆಯ ಪಕ್ಕದ ಶೆಡ್ಡಿನಲ್ಲಿ ನಾಲ್ಕು ತಿಂಗಳು ನಿದ್ದೆ ಮಾಡುತ್ತದೆ.

ಹಿಂದಿನ ವರ್ಷ ಜುಲೈ ತಿಂಗಳ ಒಂದು ರಾತ್ರಿ ನನ್ನ ಹೆಂಡತಿ ಹಿತ್ತಿಲಿನ ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದಳು. ತೊಡೆಯ ಮೂಳೆ ಮುರಿದಿತ್ತು. ಕರೆ ಮಾಡಿದ ಮೇಲೆ ಆಂಬುಲೆನ್ಸು ಡಾಂಬರು ರಸ್ತೆಯವರೆಗೆ ಬಂದು ನಿಂತಿತು. ಅಲ್ಲಿಂದ ಮೇಲಕ್ಕೆ ಬರುವ ಹಾಗಿರಲಿಲ್ಲ. ಮೇಲಿನ ಮನೆಯ ಗೌಡರು ತಮ್ಮ ಹಳೆಯ ಜೀಪಿನ ಗಾಲಿಗಳಿಗೆ ಚೈನು ಕಟ್ಟಿಕೊಂಡು ಇಳಿದು ಬಂದರು. ಹಿಂದಿನ ಸೀಟಿನ ಮೇಲೆ ಹಾಸಿಗೆ ಹಾಕಿ ಅವಳನ್ನು ಮಲಗಿಸಿದೆವು. ಎಂಟುನೂರು ಮೀಟರು ಸಾಗಲು ಒಂದು ಗಂಟೆಯ ಮೇಲೆ ಹಿಡಿಯಿತು. ಪ್ರತಿ ಕುಲುಕಾಟಕ್ಕೂ ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯುತ್ತಿದ್ದಳು, ಕೂಗಲಿಲ್ಲ. ಹಳ್ಳ ದಾಟಿದ ಮೇಲೆ ಗೌಡರು ಒಂದೇ ಮಾತು ಹೇಳಿದರು: ‘ಇನ್ನು ಅರ್ಧ ಗಂಟೆ ತಡ ಆಗಿದ್ರೆ ಹಳ್ಳ ಬಿಡ್ತಿರ್ಲಿಲ್ಲ.’

ಶಿವಮೊಗ್ಗದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಮೂರು ತಿಂಗಳು ಬೆಂಗಳೂರಿನ ಮಗನ ಮನೆಯಲ್ಲಿ ಆರೈಕೆ. ಒಂದು ಸಂಜೆ ಮಗ ನಿಧಾನವಾಗಿ ಮಾತು ತೆಗೆದ. ‘ಅಪ್ಪಾ, ಇನ್ನು ಊರು ಸಾಕು. ತೋಟ ಗೇಣಿಗೆ ಕೊಡಿ, ಇಲ್ಲೇ ಇರಿ.’ ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಹೆಂಡತಿ ಏಳನೇ ಮಹಡಿಯ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಿದ್ದಳು. ಅವಳ ಮುಖ ನೋಡಿ ನನ್ನ ಬಾಯಿಂದ ಮಾತು ಹಾರಿತು. ‘ನಾನು ಜೀಪು ತಗೊಳ್ತೇನೆ. ನಾಲ್ಕೂ ಚಕ್ರ ಎಳೆಯುವಂಥದ್ದು.’

ಮಗ ತಕ್ಷಣ ಬೇಡ ಅನ್ನಲಿಲ್ಲ. ‘ತಗೊಳ್ಳಿ. ಆದ್ರೆ ಮಿಕ್ಸರ್ ತಗೊಂಡಾಗ ಮಾಡಿದಷ್ಟಾದ್ರೂ ವಿಚಾರ ಮಾಡಿ’ ಅಂದ. ಏಳನೇ ತರಗತಿಯಲ್ಲಿರುವ ಮೊಮ್ಮಗಳು ಪುಟ್ಟಿ ಓಡಿಹೋಗಿ ಇನ್ನೂರು ಪುಟದ ಹೊಸ ನೋಟ್‌ಬುಕ್ ತಂದಳು. ರಟ್ಟಿನ ಮೇಲೆ ‘ಅಜ್ಜನ ಜೀಪು’ ಎಂದು ದೊಡ್ಡದಾಗಿ ಬರೆದಳು. ಕೆಂಪು ಬಣ್ಣದ್ದೇ ಆಗಬೇಕು ಎಂಬುದು ಮೊದಲ ಪುಟದ ಮೊದಲ ಸಾಲು.

ಜೀಪಿನ ಜಾತಕ

ಬ್ಯಾಂಕಿನಲ್ಲಿ ಸಾಲ ಕೊಡುವ ಮೊದಲು ಅರ್ಜಿದಾರರ ಪೂರ್ವಾಪರ ವಿಚಾರಿಸುವುದು ಪದ್ಧತಿ. ಹಾಗೆ ನಾವು ಜೀಪಿನ ಪೂರ್ವಾಪರ ತೆಗೆದೆವು.

ಎರಡನೇ ಮಹಾಯುದ್ಧದ ಕಾಲ. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ, ಎಲ್ಲಿ ಬೇಕಾದರೂ ನುಗ್ಗುವ ಒಂದು ಸಣ್ಣ ವಾಹನ ಬೇಕಾಯಿತು. ನೂರಕ್ಕೂ ಹೆಚ್ಚು ಕಂಪನಿಗಳಿಗೆ ಪತ್ರ ಹೋಯಿತು. ಮಾದರಿ ಗಾಡಿ ತಯಾರಿಸಲು ಕೊಟ್ಟ ಗಡುವು ಕೇವಲ 49 ದಿನ! ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಗಡುವಿನೊಳಗೆ ತಯಾರಿಸಿಕೊಟ್ಟಿತು. ಆದರೆ ಸೈನ್ಯಕ್ಕೆ ಬೇಕಾದಷ್ಟು ಸಂಖ್ಯೆಯಲ್ಲಿ ಮಾಡಿಕೊಡುವ ಶಕ್ತಿ ಅದಕ್ಕಿರಲಿಲ್ಲ. ಹೆಚ್ಚಿನ ಕೆಲಸ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ ಹೋಯಿತು. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ‘ಜೀಪ್’ ಎಂಬ ಹೆಸರು ಹೇಗೆ ಬಂತು ಎನ್ನುವುದಕ್ಕೆ ಹಲವು ಕಥೆಗಳಿವೆ. ಪುಟ್ಟಿಗೆ ಹಿಡಿಸಿದ್ದು ಒಂದೇ. ಪಾಪಾಯ್ ಚಿತ್ರಕಥೆಯಲ್ಲಿ ಎಲ್ಲಿಗೆ ಬೇಕಾದರೂ ಹೋಗಬಲ್ಲ ‘ಯೂಜೀನ್ ದಿ ಜೀಪ್’ ಎಂಬ ವಿಚಿತ್ರ ಪ್ರಾಣಿಯೊಂದಿತ್ತು, ಸೈನಿಕರು ಆ ಹೆಸರನ್ನೇ ಗಾಡಿಗೆ ಇಟ್ಟರು ಎಂಬುದು.

ನಮ್ಮ ದೇಶದ ಕಥೆ ಇನ್ನೂ ಸ್ವಾರಸ್ಯ. 1945ರಲ್ಲಿ ‘ಮಹೀಂದ್ರ ಅಂಡ್ ಮಹಮ್ಮದ್’ ಎಂಬ ಕಂಪನಿ ಶುರುವಾಯಿತು. ದೇಶ ವಿಭಜನೆಯಾದಾಗ ಪಾಲುದಾರರಾಗಿದ್ದ ಗುಲಾಮ್ ಮಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು. ಕಂಪನಿಯ ಹೆಸರು ‘ಮಹೀಂದ್ರ ಅಂಡ್ ಮಹೀಂದ್ರ’ ಎಂದಾಯಿತು. 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಬಿಡಿಭಾಗ ತರಿಸಿ ಜೋಡಿಸುವ ಕೆಲಸ ಶುರುವಾಯಿತು. ಮಲೆನಾಡಿನ ಎಸ್ಟೇಟುಗಳಲ್ಲಿ ಕಾಫಿ ಮೂಟೆ, ಅಡಿಕೆ ಚೀಲ, ಶಾಲೆಯ ಮಕ್ಕಳು, ಬಾಣಂತಿಯರು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತದ್ದು ಆ ಜೀಪುಗಳ ಮಕ್ಕಳು, ಮೊಮ್ಮಕ್ಕಳೇ.

ಈಗಿನ ಗಾಡಿಗಳಲ್ಲಿ ನಮ್ಮ ನೋಟ್‌ಬುಕ್ಕಿಗೆ ಬಂದವು ಮುಖ್ಯವಾಗಿ ಎರಡು. ಒಂದು ಮಹೀಂದ್ರದ ಥಾರ್. 2010ರಲ್ಲಿ ಮೊದಲು ಬಂತು, 2020ರ ಅಕ್ಟೋಬರ್ 2ರಂದು ಹೊಸ ರೂಪದಲ್ಲಿ ಬಂತು. ಇನ್ನೊಂದು ಮಾರುತಿಯ ಜಿಮ್ನಿ. ಐದು ಬಾಗಿಲಿನ ಈ ಗಾಡಿ 2023ರ ಜೂನ್‌ನಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂತು. ನಮ್ಮ ವಯಸ್ಸಿನವರಿಗೆಲ್ಲ ನೆನಪಿರುವ ಮಾರುತಿ ಜಿಪ್ಸಿಯ ಬಳಗದ್ದೇ ಇದು. ಫೋರ್ಸ್ ಕಂಪನಿಯ ಗೂರ್ಖಾ ಕೂಡ ಗಟ್ಟಿ ಆಳು. ಆದರೆ ನಮ್ಮ ತಿರುವಿಗೆ ಅದು ದೊಡ್ಡದಾಯಿತು ಎಂದು ಪುಟ್ಟಿ ಎರಡನೇ ದಿನವೇ ಅದನ್ನು ಹೊಡೆದುಹಾಕಿದಳು.

ನಾಲ್ಕು ಚಕ್ರದ ಗುಟ್ಟು

‘ಎಲ್ಲ ಕಾರಿಗೂ ನಾಲ್ಕು ಚಕ್ರ ಇರ್ತದಲ್ಲ ಅಜ್ಜ, ಮತ್ತೆ ಫೋರ್ ವೀಲ್ ಅಂದ್ರೆ ಎಂತ?’ ಎಂದು ಪುಟ್ಟಿ ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಗೌಡರ ಜೀಪು ರಿಪೇರಿ ಮಾಡುವ ಮೇಸ್ತ್ರಿಯ ಹತ್ತಿರ ಹೋಗಿ ಇಬ್ಬರೂ ಪಾಠ ಹೇಳಿಸಿಕೊಂಡೆವು.

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಎರಡು ಚಕ್ರಗಳಿಗೆ ಮಾತ್ರ ಹೋಗುತ್ತದೆ. ಉಳಿದೆರಡು ಸುಮ್ಮನೆ ಉರುಳುತ್ತವೆ. ಬಲ ಹೋಗುವ ಚಕ್ರಗಳು ಕೆಸರಿನಲ್ಲಿ ಜಾರಿದರೆ ಕಥೆ ಮುಗಿಯಿತು. ಫೋರ್ ವೀಲ್ ಹಾಕಿದಾಗ ಬಲ ಮುಂದಕ್ಕೂ ಹಿಂದಕ್ಕೂ ಹೋಗುತ್ತದೆ. ಹಿಂದಿನವು ಜಾರಿದರೂ ಮುಂದಿನವು ಎಳೆಯುತ್ತವೆ.

ಇದರ ಜೊತೆಗೆ ಇನ್ನೊಂದು ಸಣ್ಣ ಲಿವರ್ ಇರುತ್ತದೆ. ಗೇರಿನ ಸೈಕಲ್ ಓಡಿಸುವ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ಏರು ಬಂದಾಗ ನೀವು ಗೇರು ಇಳಿಸುತ್ತೀರಿ. ಪೆಡಲು ಬೇಗ ಬೇಗ ತಿರುಗಿಸಬೇಕು, ಸೈಕಲ್ ನಿಧಾನ ಹೋಗುತ್ತದೆ, ಆದರೆ ಕಾಲಿಗೆ ಭಾರವಾಗುವುದಿಲ್ಲ. ಜೀಪಿನಲ್ಲಿ ‘ಫೋರ್ ಲೋ’ ಹಾಕಿದರೆ ಅದೇ ಆಗುತ್ತದೆ. ಜಿಮ್ನಿಯಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿದು, ಚಕ್ರ ತಿರುಗಿಸುವ ಬಲ ಸುಮಾರು ಎರಡು ಪಟ್ಟಾಗುತ್ತದೆ. ಇಳಿಜಾರಿನಲ್ಲೂ ಇದು ಉಪಕಾರಿ. ಬ್ರೇಕು ಒತ್ತದೆಯೇ ಎಂಜಿನ್ನು ಗಾಡಿಯನ್ನು ಹಿಡಿದುಕೊಳ್ಳುತ್ತದೆ.

ಮೇಸ್ತ್ರಿ ಒಂದು ಎಚ್ಚರಿಕೆಯನ್ನೂ ಹೇಳಿದರು. ‘ಹತ್ತೋದಕ್ಕೆ ಫೋರ್ ವೀಲ್ ಸಹಾಯ ಮಾಡ್ತದೆ ಸಾರ್. ಬ್ರೇಕ್ ಹಿಡಿಯೋದಕ್ಕೆ ಎಲ್ಲ ಕಾರಿಗೂ ಇರೋದು ಅದೇ ನಾಲ್ಕು ಚಕ್ರ. ಜಾರೋ ಜಾಗದಲ್ಲಿ ಜೀಪೂ ಜಾರ್ತದೆ.’

ಇನ್ನೊಂದು ವಿಷಯ ಅನೇಕರಿಗೆ ಗೊತ್ತಿಲ್ಲ. ಥಾರ್ ಎಂದ ಮಾತ್ರಕ್ಕೆ ಎಲ್ಲವೂ ಫೋರ್ ವೀಲ್ ಅಲ್ಲ. 2023ರಿಂದ ಹಿಂದಿನ ಎರಡೇ ಚಕ್ರಕ್ಕೆ ಬಲ ಹೋಗುವ, ಬೆಲೆ ಕಡಿಮೆಯ ಥಾರ್ ಕೂಡ ಇದೆ. ಹೊರಗಿನಿಂದ ನೋಡಿದರೆ ಅಣ್ಣ ತಮ್ಮಂದಿರ ಹಾಗೆ. ಬೆಲೆ ಕಡಿಮೆಯಾಗಲು ತೆರಿಗೆಯೂ ಒಂದು ಕಾರಣ. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಡೀಸೆಲ್ ಆದರೆ 1500 ಸಿಸಿ, ಪೆಟ್ರೋಲ್ ಆದರೆ 1200 ಸಿಸಿ ಮೀರದ ಕಾರುಗಳಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 18. ಅದನ್ನು ಮೀರಿದರೆ ಶೇ. 40. ಜಿಮ್ನಿ ನಾಲ್ಕು ಮೀಟರಿನೊಳಗೇ ಇದ್ದರೂ ಅದರ ಪೆಟ್ರೋಲ್ ಎಂಜಿನ್ 1462 ಸಿಸಿ. ಹಾಗಾಗಿ ಅದಕ್ಕೆ ದೊಡ್ಡ ತೆರಿಗೆಯೇ. ಬಿಲ್ಲಿನಲ್ಲಿ ಏನಿದೆ ಎಂದು ಓದದೆ ಸಹಿ ಹಾಕಬಾರದು ಎಂದು ಮೂವತ್ತಾರು ವರ್ಷ ಗ್ರಾಹಕರಿಗೆ ಹೇಳಿದವನು ನಾನು. ಇಲ್ಲಿ ನನಗೇ ಹೇಳಿಕೊಂಡೆ.

ಕೋನಮಾಪಕ ಹಿಡಿದ ಅಳತೆಗಾರ್ತಿ

ಗಾಡಿಗಳ ಲೆಕ್ಕ ಹತ್ತು ಪುಟ ತುಂಬಿತು. ನೆಲದಿಂದ ಗಾಡಿಯ ಹೊಟ್ಟೆಗೆ ಇರುವ ಎತ್ತರ ಥಾರ್‌ನಲ್ಲಿ 226 ಮಿಲಿಮೀಟರ್, ಜಿಮ್ನಿಯಲ್ಲಿ 210. ಮೂತಿ ತಾಗದೆ ಹತ್ತಬಹುದಾದ ಕೋನ ಥಾರ್‌ಗೆ 41 ಡಿಗ್ರಿಯಷ್ಟು, ಜಿಮ್ನಿಗೆ 36. ಅಗಲ ಥಾರ್‌ದು ಸುಮಾರು ಆರು ಅಡಿ, ಜಿಮ್ನಿಯದು ಐದು ಅಡಿ ಐದು ಇಂಚು. ಬರೆಯುತ್ತಿದ್ದ ಪುಟ್ಟಿ ಪೆನ್ನು ಕೆಳಗಿಟ್ಟು ಕೇಳಿದಳು. ‘ಅಜ್ಜ, ನಮ್ಮ ದಾರಿ ಎಷ್ಟು ಡಿಗ್ರಿ?’

ನನಗೆ ಉತ್ತರ ಹೊಳೆಯಲಿಲ್ಲ. ಎಪ್ಪತ್ತು ವರ್ಷ ಆ ದಾರಿಯಲ್ಲಿ ನಡೆದಿದ್ದೇನೆ. ‘ಕಡಿದು ಏರು’ ಎಂದು ಸಾವಿರ ಸಲ ಹೇಳಿದ್ದೇನೆ. ಎಷ್ಟು ಕಡಿದು ಎಂದು ಒಮ್ಮೆಯೂ ಅಳೆದವನಲ್ಲ.

ಡಿಸೆಂಬರಿನಲ್ಲಿ ಹೆಂಡತಿ ಕೋಲು ಹಿಡಿದು ನಡೆಯುವಷ್ಟು ಚೇತರಿಸಿಕೊಂಡಿದ್ದಳು. ನಾವು ಊರಿಗೆ ಮರಳಿದೆವು. ಕ್ರಿಸ್‌ಮಸ್ ರಜೆಗೆ ಬಂದ ಪುಟ್ಟಿ ಕಂಪಾಸ್ ಪೆಟ್ಟಿಗೆ ತಂದಿದ್ದಳು. ಮಕ್ಕಳೇ, ಈ ಉಪಾಯ ನೀವೂ ಮಾಡಿ ನೋಡಬಹುದು. ಒಂದು ನೇರವಾದ ಉದ್ದ ಹಲಗೆ ಬೇಕು. ನಮಗೆ ಅಡಿಕೆ ದಬ್ಬೆ ಸಿಕ್ಕಿತು. ಅದನ್ನು ಇಳಿಜಾರಿನ ಮೇಲೆ ಮಲಗಿಸಿ. ಕೋನಮಾಪಕದ ನೇರ ಅಂಚು ದಬ್ಬೆಗೆ ಸಮವಾಗಿ ಮೇಲೆ, ಕಮಾನು ಕೆಳಗೆ ಬರುವಂತೆ ದಬ್ಬೆಯ ಪಕ್ಕಕ್ಕೆ ಹಿಡಿಯಿರಿ. ನಡುವಿನ ತೂತಿನಿಂದ ಒಂದು ದಾರ ಇಳಿಬಿಟ್ಟು ತುದಿಗೆ ಸಣ್ಣ ಕಲ್ಲು ಕಟ್ಟಿ. ನೆಲ ಸಮತಟ್ಟಾಗಿದ್ದರೆ ದಾರ 90ರ ಮೇಲೆ ನಿಲ್ಲುತ್ತದೆ. ಇಳಿಜಾರಿದ್ದರೆ ಆ ಕಡೆ ಈ ಕಡೆ ಸರಿಯುತ್ತದೆ. ಎಷ್ಟು ಸರಿಯಿತೋ ಅಷ್ಟು ಡಿಗ್ರಿ ಇಳಿಜಾರು.

ನಮ್ಮ ಏರಿನಲ್ಲಿ ದಾರ 76ರ ಮೇಲೆ ನಿಂತಿತು. ಹದಿನಾಲ್ಕು ಡಿಗ್ರಿ. ಅಂದರೆ ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೆ.

‘ಅಷ್ಟೇನಾ?’ ಎಂದು ಪುಟ್ಟಿಗೆ ನಿರಾಸೆ. ಮೇಸ್ತ್ರಿಗೆ ಫೋನು ಮಾಡಿ ಕೇಳಿದೆ. ‘ಹದಿನಾಲ್ಕಾ? ಕಾಂಕ್ರೀಟ್ ಇದ್ರೆ ಆಟೋನೂ ಹತ್ತತದೆ ಸಾರ್’ ಅಂದರು. ಆಗ ನಾನು ಏರನ್ನು ಬಿಟ್ಟು ಮಣ್ಣನ್ನು ನೋಡಿದೆ. ಮೇಲಿನ ತೋಟದ ನೀರೆಲ್ಲ ದಾರಿಯ ನಡುವೆಯೇ ಹರಿದು ಎರಡು ಗಾಲಿಜಾಡುಗಳನ್ನೂ ಕಾಲುವೆ ಮಾಡಿಟ್ಟಿತ್ತು. ಜಾಡುಗಳ ನಡುವೆ ಏಳು ಇಂಚು, ಅಂದರೆ 178 ಮಿಲಿಮೀಟರ್ ಎತ್ತರದ ಗುಡ್ಡೆ. ಸಣ್ಣ ಕಾರುಗಳ ಹೊಟ್ಟೆ ಸಾಮಾನ್ಯವಾಗಿ ಇರುವುದು 160-170ರಲ್ಲಿ. ನನ್ನ ಕಾರು ಯಾಕೆ ಉಜ್ಜುತ್ತದೆ ಎಂಬುದಕ್ಕೆ ಇಷ್ಟು ವರ್ಷದ ಮೇಲೆ ಲೆಕ್ಕ ಸಿಕ್ಕಿತು.

ಮುಂದೆ ತಿರುವು. ದರೆಯಿಂದ ಪಾಗಾರಕ್ಕೆ ಏಳು ಅಡಿ ಎರಡು ಇಂಚು. ಥಾರ್ ಕನ್ನಡಿ ಮಡಚಿಕೊಂಡು ಉಸಿರು ಬಿಗಿಹಿಡಿದು ಹೋಗಬೇಕು. ಜಿಮ್ನಿ ಆರಾಮವಾಗಿ ಹೋದೀತು. ಪುಟ್ಟಿ ಜಿಮ್ನಿಗೆ ಒಂದು ಅಂಕ ಹಾಕಿದಳು.

ಕೊನೆಗೆ ಹಳ್ಳ. ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಏರುತ್ತದೆ ಎಂಬುದು ಬಂಡೆಯ ಮೇಲಿನ ಕಲೆಯಿಂದ ತಿಳಿಯುತ್ತದೆ. ಅಳೆದರೆ ಎರಡೂವರೆ ಅಡಿ, 760 ಮಿಲಿಮೀಟರ್. ಥಾರ್ 650 ಮಿಲಿಮೀಟರ್ ನೀರಿನಲ್ಲಿ ಹೋಗಬಲ್ಲದು ಎಂದು ಕಂಪನಿ ಹೇಳುತ್ತದೆ. ಆದರೆ ಅದು ನಿಂತ ನೀರಿನ ಮಾತು. ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರನ್ನು ತೇಲಿಸಬಲ್ಲದು. ಎರಡು ಅಡಿಯ ರಭಸ ಜೀಪನ್ನೂ ಎಳೆದೊಯ್ಯಬಲ್ಲದು. ಗೌಡರು ಆ ರಾತ್ರಿ ಹೇಳಿದ ಅರ್ಧ ಗಂಟೆಯ ಮಾತು ನೆನಪಾಗಿ ನಾನು ಬಂಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಹದಿನೈದು ಲಕ್ಷ ಕೊಟ್ಟು ಯಾವ ಗಾಡಿ ತಂದರೂ ಈ ಹಳ್ಳ ತುಂಬಿದ ದಿನ ನಾನು ಅದನ್ನು ನೀರಿಗೆ ಇಳಿಸಬಾರದು. ಹೆಂಡತಿಯನ್ನು ಹಿಂದೆ ಮಲಗಿಸಿಕೊಂಡಂತೂ ಇಳಿಸಲೇಬಾರದು.

ಅಜ್ಜಿ ಕೇಳಿದ ಎರಡು ಪ್ರಶ್ನೆ

ಆದರೂ ಆಸೆ ಬಿಡಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಎರಡೂ ಗಾಡಿ ನೋಡಿದೆವು. ಪುಟ್ಟಿ ಕೆಂಪು ಥಾರ್ ಸುತ್ತ ಮೂರು ಪ್ರದಕ್ಷಿಣೆ ಬಂದಳು. ನಾನು ಸ್ಟಿಯರಿಂಗ್ ಹಿಡಿದು ಕುಳಿತಾಗ ಇಪ್ಪತ್ತು ವರ್ಷ ಇಳಿದ ಹಾಗಾಯಿತು, ಸುಳ್ಳು ಹೇಳುವುದಿಲ್ಲ. ಹೆಂಡತಿಯ ಸರದಿ ಬಂತು. ಮೂರು ಬಾಗಿಲಿನ ಥಾರ್‌ನಲ್ಲಿ ಹಿಂದೆ ಕೂರಬೇಕಾದರೆ ಮುಂದಿನ ಸೀಟು ಮಡಚಿ, ಸೊಂಟ ಬಗ್ಗಿಸಿ ಒಳಗೆ ತೂರಬೇಕು. ಅವಳಿಗೆ ಅದು ಆಗದ ಮಾತು. ಮುಂದಿನ ಸೀಟಿಗಾದರೂ ಹತ್ತಲಿ ಎಂದರೆ ಶಸ್ತ್ರಚಿಕಿತ್ಸೆಯಾದ ಕಾಲು ಅಷ್ಟು ಎತ್ತರಕ್ಕೆ ಏಳಲಿಲ್ಲ. ಅಂಗಡಿಯ ಹುಡುಗ ಪಾಪ, ಓಡಿಹೋಗಿ ಒಂದು ಸ್ಟೂಲು ತಂದ. ಇವಳು ಕೋಲೂರಿ ನಿಂತು ಕೇಳಿದಳು: ‘ಇದು ಗುಡ್ಡ ಹತ್ತುವುದು ಸರಿ. ಇದಕ್ಕೆ ನಾನು ಹತ್ತುವುದು ಹೇಗೆ?’

ಜಿಮ್ನಿಯಲ್ಲಿ ಹಿಂದಕ್ಕೂ ಬಾಗಿಲಿದೆ. ಸ್ವಲ್ಪ ಕಷ್ಟಪಟ್ಟು ಹತ್ತಿದಳು. ಜಿಮ್ನಿಗೆ ಇನ್ನೊಂದು ಅಂಕ.

ರಾತ್ರಿ ಮನೆಯಲ್ಲಿ ಲೆಕ್ಕದ ಪುಟ ತೆರೆದೆ. ಗಾಡಿ ರಸ್ತೆಗೆ ಇಳಿಯುವ ಹೊತ್ತಿಗೆ ಹದಿನೈದು ಲಕ್ಷ ಎಂದು ಹಿಡಿಯೋಣ. ಆ ಹಣ ಠೇವಣಿಯಲ್ಲಿದ್ದರೆ ಶೇ. 7ರಂತೆ ವರ್ಷಕ್ಕೆ 1,05,000 ರೂಪಾಯಿ ಬಡ್ಡಿ. ಅದು ಹೋಯಿತು. ಹತ್ತು ವರ್ಷದ ಮೇಲೆ ಐದು ಲಕ್ಷಕ್ಕೆ ಮಾರಿದರೂ ಸವಕಳಿ ವರ್ಷಕ್ಕೆ 1,00,000. ವಿಮೆ, ಸರ್ವಿಸು, ಟೈರು, ಎಣ್ಣೆ ಸೇರಿ 60,000. ಒಟ್ಟು 2,65,000. ನಾನು ಹಿಂದಿನ ಮಳೆಗಾಲದ ದಿನಚರಿ ತೆಗೆದು ನೋಡಿದೆ. ದಾರಿ ಕೆಟ್ಟು, ಹೊರಗೆ ಹೋಗಲೇಬೇಕಾಗಿದ್ದ ದಿನಗಳು ಒಂಬತ್ತು. ಭಾಗಿಸಿದರೆ ದಿನವೊಂದಕ್ಕೆ 29,444 ರೂಪಾಯಿ!

ಪುಟ್ಟಿ ನಕ್ಕಳು. ನನಗೆ ನಗು ಬರಲಿಲ್ಲ. ಆ ಒಂಬತ್ತರಲ್ಲಿ ಒಂದು ಆ ಜುಲೈ ರಾತ್ರಿ. ಅದರ ಬೆಲೆಯನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು? ಇಪ್ಪತ್ತೊಂಬತ್ತು ಸಾವಿರವಲ್ಲ, ಲಕ್ಷ ಹೋದರೂ ಹೋಗಲಿ ಎಂದು ಪುಸ್ತಕ ಮುಚ್ಚಿದೆ.

ಆಗ ಹೆಂಡತಿ ಎರಡನೇ ಪ್ರಶ್ನೆ ಕೇಳಿದಳು. ‘ರೀ, ಆ ರಾತ್ರಿ ಬಿದ್ದವರು ನೀವಾಗಿದ್ದರೆ ಜೀಪು ಓಡಿಸುವವರು ಯಾರಾಗಿದ್ದರು?’

ಅಡುಗೆಮನೆಯ ಗಡಿಯಾರದ ಸದ್ದು ಮಾತ್ರ ಕೇಳಿಸಿತು. ನನ್ನ ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಗಿದೆ. ಎದುರಿನ ಗಾಡಿಯ ದೀಪ ಬಿದ್ದರೆ ಸುತ್ತಲೂ ವರ್ತುಲ ಕಾಣುತ್ತದೆ. ನನ್ನ ವಯಸ್ಸಿನವರಿಗೆ ಚಾಲನಾ ಪರವಾನಗಿ ಐದೈದು ವರ್ಷಕ್ಕೊಮ್ಮೆ ಮಾತ್ರ ನವೀಕರಣವಾಗುತ್ತದೆ, ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ನನ್ನದು ಇನ್ನು ಎರಡು ವರ್ಷಕ್ಕೆ ಮುಗಿಯುತ್ತದೆ. ಮಳೆಯ ರಾತ್ರಿಯಲ್ಲಿ ಆ ಏರು ಇಳಿಸಲು ನಾನಾದರೂ ಎಷ್ಟರವನು? ಹತ್ತು ವರ್ಷದ ಸವಕಳಿಯ ಲೆಕ್ಕ ಹಾಕಿದವನು ಗಾಡಿಗೆ ಮಾತ್ರ ಹಾಕಿದ್ದೆ, ನನಗೆ ಹಾಕಿಕೊಂಡಿರಲಿಲ್ಲ.

‘ಆಂಬುಲೆನ್ಸೇ ಅಂಗಳಕ್ಕೆ ಬರುವ ಹಾಗಿದ್ದಿದ್ದರೆ?’ ಎಂದಳು ಅವಳು. ನೋಟ್‌ಬುಕ್ಕಿನ ಅಷ್ಟೂ ಪುಟಗಳಲ್ಲಿ ಇಲ್ಲದ ಮಾತು ಅದು. ಜೀಪು ತಂದರೆ ಅದಕ್ಕೆ ನಾನೊಬ್ಬನೇ ಡ್ರೈವರು. ದಾರಿ ಸರಿಯಾದರೆ ಊರಿನ ಯಾವ ಡ್ರೈವರಾದರೂ ನಮಗೆ ಆಗುತ್ತಾನೆ.

ತಪ್ಪಿಸಿಕೊಂಡಿದ್ದ ಬಾಗಿಲು

ಅಳತೆಗಳೆಲ್ಲ ಕೈಯಲ್ಲೇ ಇದ್ದವು. ಗಾರೆ ಮೇಸ್ತ್ರಿಯನ್ನು ಕರೆಸಿದೆವು. ಏರಿನ ತೊಂಬತ್ತು ಮೀಟರಿಗೆ ಎರಡು ಗಾಲಿ ಓಡುವಷ್ಟು ಅಗಲಕ್ಕೆ ಎರಡು ಕಾಂಕ್ರೀಟ್ ಪಟ್ಟಿ. ಪಟ್ಟಿಯ ಮೇಲೆ ಅಡ್ಡಗೆರೆ ಎಳೆದರೆ ಟೈರು ಜಾರುವುದಿಲ್ಲ. ಮೇಲಿನ ನೀರು ದಾರಿಗೆ ಬಾರದಂತೆ ಪಕ್ಕಕ್ಕೆ ಚರಂಡಿ. ಹಳ್ಳಕ್ಕೆ ದೊಡ್ಡ ಸಿಮೆಂಟ್ ಪೈಪುಗಳನ್ನಿಟ್ಟು ಮೋರಿ. ತಿರುವಿನಲ್ಲಿ ದರೆ ಒಂದೂವರೆ ಅಡಿ ಕಡಿಯಬೇಕು. ಒಟ್ಟು ಅಂದಾಜು 4,80,000. ಜೀಪಿನ ಮೂರನೇ ಒಂದು ಭಾಗಕ್ಕೂ ಕಡಿಮೆ. ದಾರಿ ನಾಲ್ಕು ಮನೆಯದು, ಖಾಸಗಿ.

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ದರೆ ಕೆಳಗಿನ ಮನೆಯವರದ್ದು. ಅವರಿಗೂ ನನಗೂ ತೋಟದ ನೀರಿನ ವಿಷಯದಲ್ಲಿ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಎದುರು ಸಿಕ್ಕಿದರೆ ಇಬ್ಬರೂ ಮರದ ಕಡೆ ನೋಡುತ್ತಿದ್ದೆವು. ಜೀಪು ಕೊಂಡರೆ ಅವರ ಬಾಗಿಲಿಗೆ ಹೋಗುವ ಪ್ರಸಂಗವೇ ಬರುತ್ತಿರಲಿಲ್ಲ. ನನ್ನ ಜೀಪಿನ ಆಸೆಯಲ್ಲಿ ಇದೂ ಸ್ವಲ್ಪ ಬೆರೆತಿತ್ತೇನೋ. ನೋಟ್‌ಬುಕ್ಕಿನಲ್ಲಿ ಬರೆಯದ ಕಾರಣ ಅದು.

ಒಂದು ಬೆಳಿಗ್ಗೆ ಪುಟ್ಟಿಯನ್ನು ಕರೆದುಕೊಂಡು ಹೋದೆ. ಒಬ್ಬನೇ ಹೋಗಲು ಧೈರ್ಯ ಸಾಲಲಿಲ್ಲ. ಅವರು ಜಗಲಿಯಲ್ಲಿ ಅಡಿಕೆ ಆರಿಸುತ್ತಿದ್ದರು. ‘ಬನ್ನಿ’ ಅಂದರು, ಮತ್ತೇನೂ ಹೇಳಲಿಲ್ಲ. ಪುಟ್ಟಿ ನೋಟ್‌ಬುಕ್ ಬಿಡಿಸಿ ತಾನು ಬರೆದ ದಾರಿಯ ನಕ್ಷೆ ತೋರಿಸಿದಳು. ಹಳ್ಳ, ತಿರುವು, ಏರು, ಎಲ್ಲದಕ್ಕೂ ಬಣ್ಣ, ಎಲ್ಲದಕ್ಕೂ ಅಳತೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

‘ಇದು ನೀನೇ ಬರೆದದ್ದಾ?’

‘ಹೌದು. ಇಲ್ಲಿ ಒಂದೂವರೆ ಅಡಿ ಬೇಕು. ಆಂಬುಲೆನ್ಸ್ ತಿರುಗೋದಕ್ಕೆ.’

ಅವರ ಮನೆಯವರು ಒಳಗಿನಿಂದ ಮಜ್ಜಿಗೆ ತಂದಿಟ್ಟು, ‘ಅಕ್ಕನ ಕಾಲು ಹೇಗಿದೆ?’ ಎಂದು ಕೇಳಿದರು. ಅವರು ನಕ್ಷೆಯಿಂದ ತಲೆಯೆತ್ತದೆ ಹೇಳಿದರು: ‘ಒಂದೂವರೆ ಯಾಕೆ, ಎರಡು ಅಡಿ ಕಡಿಸಿ. ನನಗೂ ಅರವತ್ತೆಂಟಾಯ್ತು.’

ಹಳೆಯ ನೀರಿನ ಮಾತು ಇಬ್ಬರೂ ಎತ್ತಲಿಲ್ಲ. ಈಗಲೂ ನಾವು ಬಹಳ ಮಾತಾಡುತ್ತೇವೆ ಅಂತಲ್ಲ. ಆದರೆ ಮರದ ಕಡೆ ನೋಡುವುದು ನಿಂತಿದೆ.

ನನ್ನ ಪಾಲು ಎರಡು ಲಕ್ಷ, ಗೌಡರದು 1,20,000, ಉಳಿದ ಎರಡು ಮನೆಯವರದು ತಲಾ 80,000. ಏಪ್ರಿಲ್‌ನಲ್ಲಿ ಕೆಲಸ ಶುರುವಾಯಿತು. ಪಟ್ಟಿ ಹಾಕಿದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ದಿನಾ ನೀರು ಹನಿಸುವ ಕೆಲಸ ರಜೆಗೆ ಬಂದಿದ್ದ ಪುಟ್ಟಿಗೂ ನನಗೂ ಬಂತು. ದೊಡ್ಡ ನೆರೆ ಬಂದರೆ ಮೋರಿಯ ಮೇಲೂ ನೀರು ಹರಿಯಬಹುದು, ಗೊತ್ತಿದೆ. ಅದಕ್ಕೇ ಮೋರಿಯ ಪಕ್ಕ ಅಡಿ ಗುರುತು ಹಾಕಿದ ಒಂದು ಕಂಬ ನೆಟ್ಟಿದ್ದೇವೆ. ಒಂದು ಅಡಿಯ ಕೆಂಪು ಗೆರೆ ಮುಳುಗಿದರೆ ಯಾರೂ ದಾಟಬಾರದು. ಅದು ನಾಲ್ಕೂ ಮನೆಯ ಒಪ್ಪಂದ.

ಮೇ ಕೊನೆಗೆ ಮೊದಲ ಜೋರು ಮಳೆ ಬಂತು. ಮರುದಿನ ಬೆಳಿಗ್ಗೆ ಗ್ಯಾಸ್ ಸಿಲಿಂಡರ್ ಹಾಕಿಕೊಂಡ ಒಂದು ಆಟೋ ಏರು ಹತ್ತಿ ಅಂಗಳಕ್ಕೆ ಬಂದು ನಿಂತಿತು. ಹುಡುಗ ಹೊಸಬ. ನಮ್ಮ ದಾರಿಯ ಕಥೆ ಅವನಿಗೆ ಗೊತ್ತಿಲ್ಲ. ಸಿಲಿಂಡರ್ ಇಳಿಸಿ, ದುಡ್ಡು ಎಣಿಸಿಕೊಂಡು ಹೊರಟುಹೋದ. ಹೆಂಡತಿ ಕೋಲೂರಿಕೊಂಡು ಜಗಲಿಯ ತುದಿಯವರೆಗೆ ಬಂದು, ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡುತ್ತಿದ್ದಳು.

ಕೆಂಪು ಜೀಪು ಬರಲಿಲ್ಲ ಎಂದು ಪುಟ್ಟಿಗೆ ಸ್ವಲ್ಪ ಬೇಸರವಿದೆ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಾನು ಬರೆದು ಸಹಿ ಹಾಕಿಕೊಟ್ಟಿದ್ದೇನೆ: ‘ಗಾಡಿಯ ವಿಷಯ ಈ ಮಳೆಗಾಲ ಮುಗಿದ ಮೇಲೆ ಪುನಃ ಪರಿಶೀಲಿಸಲಾಗುವುದು.’ ಬ್ಯಾಂಕಿನ ಭಾಷೆ ಅವಳಿಗೆ ಹಿಡಿಸಲಿಲ್ಲ. ಕೆಳಗೆ ಪೆನ್ಸಿಲಿನಲ್ಲಿ ಸೇರಿಸಿದ್ದಾಳೆ: ‘ನನಗೆ ಹದಿನೆಂಟು ಆಗುವುದರೊಳಗೆ. ಡ್ರೈವರ್ ನಾನು.’